ಹಳೆಯ ಆಟವೂ ಹೊಸ ದುಭಾಷಿಯೂ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿ ಒಂದರ ಬಳಿಕ ಒಂದಾಗಿ ಬರುತ್ತವೆ. ಒಂದೂರಿನಲ್ಲಿ ಮನೆ, ಇನ್ನೊಂದೂರಿನಲ್ಲಿ ಕಾಲೇಜು ಎಂಬಂತಿರುವ ವಿದ್ಯಾರ್ಥಿಗಳು ಇಲ್ಲಿ ಅನೇಕರು. ಅವರಲ್ಲಿ ಬ್ಯಾಡಗಿಯ ಕಡೆಯ ಹುಡುಗನೊಬ್ಬನು ಒಂದು ದಿನ ಪ್ರಯೋಗಶಾಲೆಯಲ್ಲಿ ಪಾಠ ಮುಗಿದ ಮೇಲೂ ಹೋಗದೆ ನಿಂತಿದ್ದನು. ಕಾರಣ ಕೇಳಲಾಗಿ, “ಸರ್, ಅಂಗಡ್ಯಾಗ ಗ್ರಾಫಿಕ್ಸ್ ಕಾರ್ಡ್ ಸುಟ್ಟೈತಿ ಅಂದಾರ್ರೀ. ಆಟದಾಗ ಹುಲ್ಲೆಲ್ಲಾ ಕೆಂಪಗ ಕಾಣಾಕತ್ತೈತ್ರೀ” ಎಂದನು. ಅವನ ಅಣ್ಣನು ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ೧೯೯೯ರಲ್ಲಿ ಹೊರಬಂದ ‘ಏಜ್ ಆಫ್ ಎಂಪೈರ್ಸ್’ ಆಟದ ಎರಡನೆಯ ಭಾಗವಿತ್ತು. ಹೊಸ ಕಾರ್ಡಿಗೆಂದು ತಂದೆಯವರು ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಆರು ಸಾವಿರ ರೂಪಾಯಿ ತೆಗೆದಿರಿಸಿದ್ದರಂತೆ. ಮಳೆಯನ್ನು ನಂಬಿ ಬೆಳೆಯುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ನಾವು ಅವನನ್ನು ಒಂದೇ ಪ್ರಶ್ನೆ ಕೇಳಿದೆವು: “ಚಲನಚಿತ್ರ ನೋಡುವಾಗ, ಛಾಯಾಚಿತ್ರ ತೆರೆದಾಗ ಬಣ್ಣಗಳು ಸರಿಯಾಗಿವೆಯೆ?” ಸರಿಯಾಗಿವೆ ಎಂದನು. ಹಾಗಾದರೆ ಕಾರ್ಡು ಸುಟ್ಟಿರುವುದು ಹೇಗೆ? ಸುಟ್ಟ ಕಾರ್ಡಿಗೆ ಆಟ ಯಾವುದು, ಚಲನಚಿತ್ರ ಯಾವುದು ಎಂಬ ಭೇದ ತಿಳಿಯುವುದೆ? ಈ ಸರಳ ವಿಚಾರದಿಂದ ಆರಂಭಿಸಿ, ಹಳೆಯ ಆಟಗಳು ಹೊಸ ವ್ಯವಸ್ಥೆಯಲ್ಲಿ ಏಕೆ ಮುಗ್ಗರಿಸುತ್ತವೆ, ದೋಷವು ಎಲ್ಲಿರುವುದೆಂದು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ಈಗ ವಿಚಾರಿಸೋಣ.

ದುಭಾಷಿ ಯಾರು?

ಆಟವು ಕಾರ್ಡಿನೊಡನೆ ನೇರವಾಗಿ ಮಾತನಾಡುವುದಿಲ್ಲ. ಕಾರ್ಡುಗಳ ತಯಾರಕರು ಹಲವರು. ಒಬ್ಬೊಬ್ಬರ ಯಂತ್ರದ ಒಳರಚನೆಯೂ ಒಂದೊಂದು ಬಗೆ. ಆದುದರಿಂದ ಆಟವನ್ನು ಬರೆಯುವವರು ಎಲ್ಲರೂ ಒಪ್ಪಿದ ಒಂದು ಸಾಮಾನ್ಯ ಭಾಷೆಯಲ್ಲಿ ತಮ್ಮ ಅಪ್ಪಣೆಗಳನ್ನು ಬರೆಯುತ್ತಾರೆ. ೧೯೯೨ರ ಓಪನ್‌ಜಿಎಲ್, ೧೯೯೫ರ ಡೈರೆಕ್ಟ್‌ಎಕ್ಸ್, ೨೦೧೬ರ ವಲ್ಕನ್ ಇಂತಹ ಭಾಷೆಗಳು. ಈ ಭಾಷೆಯ ಅಪ್ಪಣೆಗಳನ್ನು ಆಯಾ ಕಾರ್ಡಿಗೆ ತಿಳಿಯುವ ಸಂಕೇತಗಳಾಗಿ ಮಾರ್ಪಡಿಸುವ ತಂತ್ರಾಂಶಕ್ಕೇ ಡ್ರೈವರು ಎಂದು ಹೆಸರು. ಲಾರಿಯ ಚಾಲಕನಿಗಿಂತ ಕಚೇರಿಯ ದುಭಾಷಿಗೆ ಇದನ್ನು ಹೋಲಿಸುವುದು ಹೆಚ್ಚು ಉಚಿತ.

ದುಭಾಷಿಯು ಹೊಸಬನಾದಾಗ ತೊಡಕು ಹುಟ್ಟುತ್ತದೆ. ಡ್ರೈವರುಗಳನ್ನು ಬರೆಯುವವರು ಇಂದಿನ ಆಟಗಳ ಕಡೆಗೆ ಹೆಚ್ಚು ಗಮನ ಕೊಡುವುದು ಸಹಜ. ಇಪ್ಪತ್ತೈದು ವರ್ಷಗಳ ಹಿಂದಿನ ಆಟವಾದರೋ ತನ್ನ ಕಾಲದ ಯಂತ್ರವೇ ಎಂದೆಂದಿಗೂ ಇರುವುದೆಂದು ನಂಬಿ, ಕೆಲವು ಊಹೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಆ ಊಹೆ ಸುಳ್ಳಾದೆಡೆಯಲ್ಲಿ ಆಟ ನಿಲ್ಲುತ್ತದೆ. ಇದಕ್ಕೆ ಮೂರು ನಿದರ್ಶನಗಳನ್ನು ನೋಡೋಣ.

ಸಂಖ್ಯೆಯಾದ ಬಣ್ಣ

ಮೊದಲು ಕೆಂಪು ಹುಲ್ಲಿನ ರಹಸ್ಯ. ಇಂದು ತೆರೆಯ ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಸಾಮಾನ್ಯವಾಗಿ ೨೪ ಬಿಟ್ಟುಗಳಲ್ಲಿ ಸೂಚಿಸುತ್ತೇವೆ; ಇದರಿಂದ ೧,೬೭,೭೭,೨೧೬ ಬಣ್ಣಗಳು ದೊರೆಯುತ್ತವೆ. ಸ್ಮೃತಿಗೆ ಬೆಲೆ ಹೆಚ್ಚಾಗಿದ್ದ ಕಾಲದಲ್ಲಿ ಇಂತಹ ಧಾರಾಳತನ ಸಾಧ್ಯವಿರಲಿಲ್ಲ. ೬೪೦ಕ್ಕೆ ೪೮೦ ಬಿಂದುಗಳ ತೆರೆಗೆ ಬಿಂದುವಿಗೆ ೨೪ ಬಿಟ್ಟಿನಂತೆ ೯,೨೧,೬೦೦ ಬೈಟುಗಳು ಬೇಕು. ೮ ಬಿಟ್ಟಾದರೆ ೩,೦೭,೨೦೦ ಸಾಕು. ಆದರೆ ೮ ಬಿಟ್ಟುಗಳಿಂದ ೨೫೬ ಸಂಖ್ಯೆಗಳಷ್ಟೇ ಹುಟ್ಟುತ್ತವೆ. ಆದ್ದರಿಂದ ಆಟದವರು ಒಂದು ಉಪಾಯ ಮಾಡಿದರು. ಬಿಂದುವಿನಲ್ಲಿ ಬಣ್ಣವನ್ನೇ ಬರೆಯದೆ ಅದರ ಕ್ರಮಸಂಖ್ಯೆಯನ್ನು ಬರೆದರು; ಯಾವ ಸಂಖ್ಯೆಗೆ ಯಾವ ಬಣ್ಣ ಎಂಬುದನ್ನು ಬೇರೊಂದು ಪಟ್ಟಿಯಲ್ಲಿಟ್ಟರು. ಈ ಪಟ್ಟಿಗೆ ಪ್ಯಾಲೆಟ್ ಎಂದು ಹೆಸರು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಪ್ರತಿಯೊಂದು ರಾಶಿಗೂ ಒಂದು ಲಾಟ್ ನಂಬರು. ಖರೀದಿದಾರರು ಆ ನಂಬರಿನ ಮುಂದೆ ದರ ಬರೆಯುತ್ತಾರೆ. ಯಾರಾದರೂ ನಂಬರಿನ ಪಟ್ಟಿಯನ್ನು ಅದಲುಬದಲು ಮಾಡಿದರೆಂದು ಭಾವಿಸಿ. ಡಬ್ಬಿ ಮೆಣಸಿನಕಾಯಿಯ ದರ ಕಡ್ಡಿಗೂ ಕಡ್ಡಿಯ ದರ ಡಬ್ಬಿಗೂ ಬಿದ್ದೀತು. ರಾಶಿಗಳು ಇದ್ದಲ್ಲಿಯೇ ಇವೆ, ಕಾಯಿ ಕೆಟ್ಟಿಲ್ಲ. ಕೆಟ್ಟಿರುವುದು ಪಟ್ಟಿ ಮಾತ್ರ.

ಹುಡುಗನ ಕಂಪ್ಯೂಟರಿನಲ್ಲಿದ್ದುದು ವಿಂಡೋಸ್ ೭. ಅದರಲ್ಲಿ ಆಟವು ತನ್ನ ಪಟ್ಟಿಯನ್ನು ಬರೆದ ಬಳಿಕ, ತೆರೆಯ ಹಿನ್ನೆಲೆಯಲ್ಲಿ ನಡೆಯುತ್ತಿರುವ ‘ಎಕ್ಸ್‌ಪ್ಲೋರರ್’ ಎಂಬ ಕಾರ್ಯಕ್ರಮವೂ ಅದೇ ಪಟ್ಟಿಗೆ ಕೈ ಹಾಕುವುದುಂಟು. ಹುಲ್ಲಿನ ಸಂಖ್ಯೆ ಬದಲಾಗಿಲ್ಲ. ಆ ಸಂಖ್ಯೆಯ ಮುಂದಿನ ಬಣ್ಣ ಬದಲಾಗಿದೆ. ಪರಿಹಾರವೂ ಸುಲಭ. ಆಟ ತೆರೆಯುವ ಮುನ್ನ ಡೆಸ್ಕ್‌ಟಾಪಿನ ಮೇಲೆ ಮೌಸಿನ ಬಲಗುಂಡಿಯೊತ್ತಿ, ‘ಸ್ಕ್ರೀನ್ ರೆಸಲ್ಯೂಷನ್’ ಕಿಟಕಿಯನ್ನು ತೆರೆದಿಟ್ಟು, ಅದನ್ನು ಮುಚ್ಚದೆಯೇ ಆಟವನ್ನು ಆರಂಭಿಸಬೇಕು. ಇದರಿಂದ ಆಗದಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಎಕ್ಸ್‌ಪ್ಲೋರರನ್ನು ನಿಲ್ಲಿಸಿ, ಆಟ ಮುಗಿದ ಮೇಲೆ ಅಲ್ಲಿಂದಲೇ ಮತ್ತೆ ಚಾಲನೆ ಮಾಡಬಹುದು. ಹುಡುಗನು ಮರುದಿನ ಬಂದು, ಹುಲ್ಲು ಹಸಿರಾಯಿತೆಂದು ಹೇಳಿದನು. ಆರು ಸಾವಿರ ರೂಪಾಯಿ ಮನೆಯಲ್ಲಿಯೇ ಉಳಿಯಿತು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೭ಕ್ಕೆ ಕೊಡುತ್ತಿದ್ದ ಸುರಕ್ಷತೆಯ ನೆರವನ್ನು ೨೦೨೦ರ ಜನವರಿಯಲ್ಲಿ ನಿಲ್ಲಿಸಿರುವುದರಿಂದ, ಆ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕ ಕೊಡಬೇಡವೆಂದು ಮಾತ್ರ ನಾವು ಎಚ್ಚರಿಸಿದೆವು.

ಕಾರ್ಡು ಮೀರಿದ ಬರೆಹ

ಎರಡನೆಯ ನಿದರ್ಶನವು ಇನ್ನೂ ವಿಚಿತ್ರ. ರಾಣೆಬೆನ್ನೂರಿನ ಒಬ್ಬ ವಿದ್ಯಾರ್ಥಿಯ ಹೊಸ ಲ್ಯಾಪ್‌ಟಾಪಿನಲ್ಲಿ ‘ಕ್ವೇಕ್’ ಮನೆತನಕ್ಕೆ ಸೇರಿದ ಹಳೆಯ ಆಟವೊಂದು ತೆರೆದೊಡನೆಯೇ ಮುಚ್ಚಿಹೋಗುತ್ತಿತ್ತು. ಯಂತ್ರದಲ್ಲಿ ಕುಂದೇನೂ ಇರಲಿಲ್ಲ. ಅದರ ಸಮೃದ್ಧಿಯೇ ಇಲ್ಲಿ ತೊಡಕಿಗೆ ಕಾರಣ.

ಓಪನ್‌ಜಿಎಲ್ ಭಾಷೆಗೆ ಕಾಲಕಾಲಕ್ಕೆ ಹೊಸ ಪದಗಳು ಸೇರುತ್ತ ಬಂದಿವೆ. ಇವುಗಳಿಗೆ ವಿಸ್ತರಣೆಗಳೆಂದು ಹೆಸರು. ಆಟವು ಆರಂಭದಲ್ಲಿ, “ನಿನಗೆ ತಿಳಿದಿರುವ ವಿಸ್ತರಣೆಗಳು ಯಾವುವು?” ಎಂದು ಡ್ರೈವರನ್ನು ಕೇಳುತ್ತದೆ. ಡ್ರೈವರು ಅವೆಲ್ಲವುಗಳ ಹೆಸರನ್ನೂ ಒಂದೇ ಉದ್ದನೆಯ ಸಾಲಾಗಿ ಒಪ್ಪಿಸುತ್ತದೆ. ೧೯೯೦ರ ದಶಕದಲ್ಲಿ ಈ ಸಾಲು ಚಿಕ್ಕದಾಗಿತ್ತು. ಕೆಲವು ಆಟಗಳು ಅದಕ್ಕೆಂದು ಗೊತ್ತಾದ ಅಳತೆಯ ಸ್ಥಳವನ್ನು ಮೀಸಲಿಟ್ಟು, ಬಂದ ಸಾಲು ಅದರಲ್ಲಿ ಹಿಡಿಯುವುದೋ ಇಲ್ಲವೋ ಎಂದು ಪರೀಕ್ಷಿಸದೆಯೇ ನಕಲು ಮಾಡಿಕೊಳ್ಳುತ್ತಿದ್ದವು. ಇಂದಿನ ಡ್ರೈವರಿಗೆ ನೂರಾರು ವಿಸ್ತರಣೆಗಳು ಗೊತ್ತು.

ಅಂಚೆ ಕಾರ್ಡಿನಲ್ಲಿ ಸಮಾಚಾರಕ್ಕೆ ಬಿಟ್ಟ ಜಾಗ ಮುಗಿದರೂ ನಿಲ್ಲಿಸದೆ ವಿಳಾಸದ ಮೇಲೆಯೇ ಬರೆಯುತ್ತ ಹೋದರೆ ಏನಾದೀತು? ಸಮಾಚಾರವೆಲ್ಲ ಇದೆ, ಆದರೆ ಕಾರ್ಡು ಎಲ್ಲಿಗೆ ಹೋಗಬೇಕೆಂಬುದು ಅಳಿಸಿಹೋಗಿದೆ. ಸ್ಮೃತಿಯಲ್ಲಿಯೂ ಹೀಗೆಯೇ. ಮೀಸಲಿಟ್ಟ ಸ್ಥಳದ ಪಕ್ಕದಲ್ಲಿ, ಕಾರ್ಯಕ್ರಮವು ಮುಂದೆ ಎಲ್ಲಿಗೆ ಮರಳಬೇಕೆಂಬ ವಿಳಾಸ ಮೊದಲಾದ ಮುಖ್ಯ ವಿಷಯಗಳಿರುತ್ತವೆ. ತುಂಬಿ ಹರಿದ ಸಾಲು ಅವುಗಳನ್ನು ಅಳಿಸಿದೊಡನೆ ಆಟವು ದಾರಿ ತಪ್ಪಿ ನಿಲ್ಲುತ್ತದೆ.

ದುಭಾಷಿಗೆ, “ಹಳೆಯ ಪದಗಳನ್ನಷ್ಟೇ ಹೇಳು” ಎಂದು ಅಪ್ಪಣೆ ಮಾಡುವುದೇ ಇದರ ಪರಿಹಾರ. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಮೆಸಾ ಎಂಬ ಡ್ರೈವರು ಸಮುದಾಯದಲ್ಲಿ ಇದಕ್ಕಾಗಿಯೇ ಒಂದು ಏರ್ಪಾಡು ಇದೆ: ಒಂದು ಇಸವಿಯನ್ನು ಸೂಚಿಸಿದರೆ, ಅದರ ನಂತರ ಬಂದ ವಿಸ್ತರಣೆಗಳನ್ನು ಅದು ಹೇಳುವುದಿಲ್ಲ. ಮೂಲ ಕಾರ್ಯಕ್ರಮವು ಸಾರ್ವಜನಿಕರಿಗೆ ದೊರೆತಿರುವ ಆಟಗಳಲ್ಲಿ ಉತ್ಸಾಹಿಗಳು ದೋಷವನ್ನೇ ತಿದ್ದಿ ಹೊಸ ಆವೃತ್ತಿಗಳನ್ನು ಸಿದ್ಧಪಡಿಸಿದ್ದಾರೆ. ಮೂರನೆಯ ಕ್ವೇಕ್ ಆಟದ ಮೂಲವನ್ನು ೨೦೦೫ರಲ್ಲಿ ಹೀಗೆ ಬಿಡುಗಡೆ ಮಾಡಲಾಯಿತು.

ಸುತ್ತಿ ಬಂದ ಎಣಿಕೆ

ಮೂರನೆಯದು ಶುದ್ಧ ಗಣಿತದ ವಿನೋದ. ನಾಲ್ಕು ಗಿಗಾಬೈಟ್ ಸ್ಮೃತಿಯುಳ್ಳ ಕಾರ್ಡಿನ ಎದುರಿನಲ್ಲಿ ಹಳೆಯ ಆಟವು, “ಚಿತ್ರಕ್ಕೆ ಬೇಕಾದ ಸ್ಮೃತಿ ಸಾಲದು” ಎಂದು ದೂರುವುದನ್ನು ಕೆಲವರು ಕಂಡಿರಬಹುದು. ಐದು ಅಂಕೆಗಳ ದೂರಮಾಪಕವುಳ್ಳ ಸ್ಕೂಟರು ೯೯,೯೯೯ ಕಿಲೋಮೀಟರುಗಳಾದ ಮೇಲೆ ಸೊನ್ನೆಗೆ ಬರುವುದಷ್ಟೆ? ೩೨ ಬಿಟ್ಟುಗಳಲ್ಲಿ ಎಣಿಸುವ ಆಟಕ್ಕೂ ಅದೇ ಗತಿ. ಅದರ ಎಣಿಕೆ ೪,೨೯,೪೯,೬೭,೨೯೬ಕ್ಕೆ, ಎಂದರೆ ಸರಿಯಾಗಿ ನಾಲ್ಕು ಗಿಗಾಬೈಟಿಗೆ, ಸೊನ್ನೆಯಾಗುತ್ತದೆ. ಒಂದು ಬಿಟ್ಟನ್ನು ಧನ-ಋಣ ಚಿಹ್ನೆಗೆ ಬಿಟ್ಟುಕೊಟ್ಟಿದ್ದರೆ ೨,೧೪,೭೪,೮೩,೬೪೮ಕ್ಕೆ, ಎಂದರೆ ಎರಡು ಗಿಗಾಬೈಟಿಗೆ, ಎಣಿಕೆಯು ಋಣಸಂಖ್ಯೆಯಾಗಿ ತೋರುತ್ತದೆ. ಋಣಸಂಖ್ಯೆಯಷ್ಟು ಸ್ಮೃತಿಯುಳ್ಳ ಕಾರ್ಡನ್ನು ಆಟವು ದರಿದ್ರವೆಂದು ತೀರ್ಮಾನಿಸಿದರೆ ಅದನ್ನು ದೂಷಿಸುವಂತಿಲ್ಲ.

ಮಾತನಾಡುವವರಿಲ್ಲದ ಭಾಷೆ

ಕೆಲವೆಡೆ ಭಾಷೆಯೇ ಇಲ್ಲವಾಗುವುದುಂಟು. ೧೯೯೬ರಲ್ಲಿ ‘ವೂಡೂ’ ಎಂಬ ಕಾರ್ಡಿನೊಡನೆ ಹೆಸರುವಾಸಿಯಾದ ತ್ರೀಡಿಎಫ್‌ಎಕ್ಸ್ ಸಂಸ್ಥೆಗೆ ‘ಗ್ಲೈಡ್’ ಎಂಬ ತನ್ನದೇ ಭಾಷೆಯಿತ್ತು. ಆ ಸಂಸ್ಥೆಯ ಆಸ್ತಿಯನ್ನು ಎನ್‌ವಿಡಿಯಾ ಕೊಳ್ಳುವುದೆಂದು ೨೦೦೦ದ ಡಿಸೆಂಬರಿನಲ್ಲಿ ಪ್ರಕಟವಾಯಿತು. ಗ್ಲೈಡ್ ತಿಳಿದ ಹೊಸ ಕಾರ್ಡು ಮತ್ತೆ ಬರಲಿಲ್ಲ; ಆ ಭಾಷೆಯನ್ನಾಡುವ ಆಟಗಳು ಮಾತ್ರ ಉಳಿದವು.

ಇಂತಹ ಸಂದರ್ಭದಲ್ಲಿ ಎರಡನೆಯ ದುಭಾಷಿಯೊಬ್ಬನನ್ನು ನಡುವೆ ನಿಲ್ಲಿಸುವುದೇ ದಾರಿ. ‘ಡಿಜಿವೂಡೂ’ ಎಂಬ ತಂತ್ರಾಂಶವು ಗ್ಲೈಡನ್ನೂ ಡೈರೆಕ್ಟ್‌ಎಕ್ಸಿನ ಹಳೆಯ ಆವೃತ್ತಿಗಳನ್ನೂ ಇಂದಿನ ಆವೃತ್ತಿಗೆ ಅನುವಾದಿಸುತ್ತದೆ. ‘ಡಿಎಕ್ಸ್‌ವಿಕೆ’ ಎಂಬುದು ಡೈರೆಕ್ಟ್‌ಎಕ್ಸಿನ ಮಾತನ್ನು ವಲ್ಕನ್ನಿಗೆ ತಿರುಗಿಸುತ್ತದೆ. ಇವುಗಳ ಕಡತಗಳನ್ನು ಆಟವಿರುವ ಕೋಶದಲ್ಲಿಯೇ ಇಡುವುದರಿಂದ ಬೇರೆ ಕಾರ್ಯಕ್ರಮಗಳಿಗೆ ಬಾಧೆ ತಟ್ಟುವುದಿಲ್ಲ; ಬೇಡವಾದರೆ ತೆಗೆದರಾಯಿತು. ಇದು ಹವ್ಯಾಸಿಗಳ ಆಟವೆಂದು ತಿಳಿಯಬೇಡಿ. ೨೦೨೨ರಲ್ಲಿ ಇಂಟೆಲ್ ಸಂಸ್ಥೆಯು ‘ಆರ್ಕ್’ ಕಾರ್ಡುಗಳನ್ನು ಹೊರತಂದಾಗ, ಡೈರೆಕ್ಟ್‌ಎಕ್ಸ್ ೯ರ ಆಟಗಳಿಗೆ ತಾನೂ ಇಂತಹ ಅನುವಾದವನ್ನೇ ನೆಚ್ಚಿಕೊಂಡಿತ್ತು.

ಪರೀಕ್ಷೆಯ ಕ್ರಮ

ಈಗ ದೋಷವನ್ನು ಹುಡುಕುವ ಕ್ರಮವನ್ನು ಹೇಳುತ್ತೇವೆ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಿಯಮ: ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡತಕ್ಕದ್ದು. ಡ್ರೈವರನ್ನೂ ಆಟದ ಆವೃತ್ತಿಯನ್ನೂ ಒಟ್ಟಿಗೆ ಬದಲಿಸಿದವನಿಗೆ ಆಟ ಸರಿಹೋದರೂ ಕಾರಣ ತಿಳಿಯದು.

ಒಂದನೆಯದಾಗಿ, ಕಂಪ್ಯೂಟರಿಗೆ ವಿದ್ಯುತ್ತು ಕೊಟ್ಟೊಡನೆ ಬರುವ ತಯಾರಕರ ಗುರುತಿನ ತೆರೆಯನ್ನು ಗಮನಿಸಿ. ಆ ಹೊತ್ತಿಗೆ ವಿಂಡೋಸಿನ ಡ್ರೈವರು ಇನ್ನೂ ಎದ್ದಿರುವುದಿಲ್ಲ. ಅಲ್ಲಿಯೇ ಗೆರೆಗಳೂ ಚುಕ್ಕೆಗಳೂ ಕಂಡರೆ ಡ್ರೈವರು ನಿರಪರಾಧಿ. ಕಾರ್ಡನ್ನೋ ತಂತಿಯನ್ನೋ ತೆರೆಯನ್ನೋ ಶಂಕಿಸಬೇಕು.

ಎರಡನೆಯದಾಗಿ, ದೋಷವು ಆಟದ ಮೊದಲ ಕ್ಷಣದಲ್ಲಿಯೇ ಇದೆಯೆ, ಹತ್ತಾರು ನಿಮಿಷಗಳಾದ ಮೇಲೆ ಬರುವುದೆ ಎಂದು ನೋಡಿ. ತಡವಾಗಿ ಬಂದರೆ ಕಾವು ಕಾರಣವಾಗಿರಬಹುದು. ಪಂಖದ ಧೂಳು ತೆಗೆಯುವುದಕ್ಕೆ ಖರ್ಚಿಲ್ಲ. ವಿದ್ಯುತ್ ಸಂಪರ್ಕವನ್ನು ತಪ್ಪಿಸಿದ ಮೇಲೆಯೇ ಕೈಯಿಡಿ.

ಮೂರನೆಯದಾಗಿ, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರನ್ನು ಓದಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಾರ್ಡಿಗೆ ತಕ್ಕ ಡ್ರೈವರೇ ಇಲ್ಲವೆಂದು ಅರ್ಥ. ಡ್ರೈವರನ್ನು ಕಾರ್ಡಿನ ಅಥವಾ ಲ್ಯಾಪ್‌ಟಾಪಿನ ತಯಾರಕರಿಂದಲೇ ಪಡೆಯತಕ್ಕದ್ದು. ತಾನಾಗಿಯೇ ಹುಡುಕಿಕೊಡುವೆನೆನ್ನುವ ಅಪರಿಚಿತ ತಂತ್ರಾಂಶಗಳನ್ನು ನಂಬಬಾರದು.

ನಾಲ್ಕನೆಯದಾಗಿ, ನಿನ್ನೆಯವರೆಗೆ ಸರಿಯಿದ್ದ ಆಟ ಡ್ರೈವರು ಬದಲಾದ ಮೇಲೆ ಕೆಟ್ಟಿದ್ದರೆ, ಅಲ್ಲಿಯೇ ಇರುವ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿಯಿಂದ ಹಿಂದಿನದಕ್ಕೆ ಮರಳಿ ನೋಡಿ. ಹೊಸದೆಲ್ಲವೂ ಮೇಲೆಂಬ ನಿಯಮವೇನಿಲ್ಲ.

ಐದನೆಯದಾಗಿ, ಲ್ಯಾಪ್‌ಟಾಪಿನಲ್ಲಿ ಎರಡು ಚಿತ್ರಯಂತ್ರಗಳಿದ್ದರೆ, ಆಟವು ಯಾವುದನ್ನು ಬಳಸುತ್ತಿದೆಯೆಂದು ನೋಡಿ, ಇನ್ನೊಂದನ್ನು ಸೂಚಿಸಿ ಪರೀಕ್ಷಿಸಿ.

ಆರನೆಯದಾಗಿ, ಆಟದ ಕಡತದ ಗುಣಗಳಲ್ಲಿ ‘ಕಂಪ್ಯಾಟಿಬಿಲಿಟಿ’ ಎಂಬ ಪುಟವನ್ನು ತೆರೆದು ೨೫೬ ಬಣ್ಣ, ೬೪೦ಕ್ಕೆ ೪೮೦ರ ತೆರೆ ಮೊದಲಾದುವನ್ನು ಒಂದೊಂದಾಗಿ ಗುರುತಿಸಿ ನೋಡಿ. ಇದರಿಂದಲೂ ಆಗದಿದ್ದರೆ ಮಾತ್ರ ಮೇಲೆ ಹೇಳಿದ ಎರಡನೆಯ ದುಭಾಷಿಯನ್ನು ಕರೆಯಿರಿ.

ಈ ಆರರಲ್ಲಿ ಯಾವುದಕ್ಕೂ ಹಣ ಬೇಡ. ಅರ್ಧ ದಿನದ ತಾಳ್ಮೆ ಸಾಕು. ದೊಡ್ಡ ಊರುಗಳಲ್ಲಿ ಒಂದು ಕಾರ್ಡನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡುವ ಅನುಕೂಲವಿರಬಹುದು. ನಮ್ಮಂತಹ ಊರುಗಳಲ್ಲಿ ಅಂಗಡಿಯವರ ಒಂದು ಮಾತು ಒಂದು ಮನೆಯ ಒಂದು ತಿಂಗಳ ಖರ್ಚನ್ನು ನಿರ್ಧರಿಸಿಬಿಡುತ್ತದೆ. ಯಂತ್ರವು ಕೆಟ್ಟಿದೆ ಎಂಬುದು ಒಂದು ಊಹೆ. ಊಹೆಯನ್ನು ಪರೀಕ್ಷಿಸಿದ ಮೇಲೆ ಹಣ ಕೊಡುವುದು ವಿವೇಕ.

ಓದುಗರು ಮನೆಯಲ್ಲಿಯೇ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಬಹುದು. ಚೌಕುಳಿ ಕಾಗದದಲ್ಲಿ ಒಂದು ಮರದ ಆಕಾರವನ್ನು ೧, ೨, ೩ ಎಂಬ ಸಂಖ್ಯೆಗಳಿಂದಲೇ ಬರೆಯಿರಿ. ಎಲೆಗೆ ೧, ಕಾಂಡಕ್ಕೆ ೨, ಆಕಾಶಕ್ಕೆ ೩ ಇರಲಿ. ಸಂಖ್ಯೆಗೆ ತಕ್ಕ ಬಣ್ಣಗಳ ಪಟ್ಟಿಯನ್ನು ಬೇರೊಂದು ಚೀಟಿಯಲ್ಲಿ ಬರೆದು ಗೆಳೆಯನಿಗೆ ಬಣ್ಣ ತುಂಬಲು ಕೊಡಿ. ಅನಂತರ ಅದೇ ಚಿತ್ರವನ್ನು ಬೇರೆ ಚೀಟಿಯೊಡನೆ ಇನ್ನೊಬ್ಬನಿಗೆ ಕೊಡಿ. ಎರಡು ಮರಗಳನ್ನೂ ಪಕ್ಕಪಕ್ಕದಲ್ಲಿಟ್ಟಾಗ, ಬ್ಯಾಡಗಿಯ ಹುಡುಗನ ಹುಲ್ಲು ಕೆಂಪಾದ ಬಗೆ ಯಾರಿಗಾದರೂ ತಿಳಿದೀತು.