ಮೊದಲ ಲೇತ್ ಕೊಳ್ಳುವ ಮುನ್ನ

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ನೋಡಿ ಆಸೆ ಹುಟ್ಟಿತು ಎಂದು ಬರೆದಿದ್ದೀರಿ, ಸಂತೋಷ. ಅಲ್ಲಿ ಆಲೆ ಮರದಲ್ಲಿ ಕಡೆಯುವುದು ಹೆಚ್ಚಾಗಿ ಸಣ್ಣ ಸಾಮಾನು. ಅದಕ್ಕೆ ಪುಟ್ಟ ಲೇತ್ ಸಾಕು. ನಿಮಗೆ ಮುಂದೆ ಬಟ್ಟಲು ಮಾಡುವ ಮನಸ್ಸಿದೆ, ಹಾಗಾಗಿ ಲೆಕ್ಕವೇ ಬೇರೆ.

ಅಂಗಡಿಯಲ್ಲಿ ಮೊದಲು 'ಸ್ವಿಂಗ್' ಕೇಳಿ: ಎಷ್ಟು ಅಗಲದ ಮರ ಬೆಡ್‌ಗೆ (ಲೇತ್‌ನ ಉದ್ದನೆಯ ತಳಕ್ಕೆ) ತಗಲದೆ ತಿರುಗುತ್ತದೆ ಎಂಬ ಅಳತೆ ಅದು. 8 ಇಂಚಿನದು ಬೇಗ ಸಾಲದಾಗುತ್ತದೆ. 12 ಇಂಚು, 1 ಎಚ್‌ಪಿ ಮೋಟರ್ ಇರಲಿ. ಬೆಡ್ ಗಿಡ್ಡವಾದರೆ ಚಿಂತೆಯಿಲ್ಲ. ಹಲವು ಮಾದರಿಗಳಿಗೆ ಆಮೇಲೆ ತುಂಡು ಜೋಡಿಸಬಹುದು.

ಇನ್ನು ವೇಗ. ಇದನ್ನು ದಯವಿಟ್ಟು ಕಡೆಗಣಿಸಬೇಡಿ. ಒರಟಾಗಿ ಕೊಯ್ದ 10 ಇಂಚಿನ ಹಲಸಿನ ತುಂಡು ಒಂದು ಕಡೆ ಭಾರವಾಗಿಯೇ ಇರುತ್ತದೆ. ಲೇತ್‌ನ ಕನಿಷ್ಠ ವೇಗವೇ ನಿಮಿಷಕ್ಕೆ 750 ಸುತ್ತು ಆದರೆ ಇಡೀ ಮೇಜು ಅದುರುತ್ತದೆ, ಉಳಿ ಮರಕ್ಕೆ ಕೂರದೆ ಕುಪ್ಪಳಿಸುತ್ತದೆ, ಮರ ಕಿತ್ತು ಹಾರಲೂಬಹುದು. 250ರ ಆಸುಪಾಸಿಗೆ ಇಳಿಯುವಂಥದ್ದನ್ನೇ ಆರಿಸಿ. ಹಗುರ ತಗಡಿನ ಬೆಡ್ ಬೇಡ, ಎರಕದ ಕಬ್ಬಿಣವೇ ಬೇಕು. ಎತ್ತಲು ಇಬ್ಬರು ಬೇಕಾದರೆ ಒಳ್ಳೆಯದೇ.

ಮರವನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್‌ನ ತಿರುಪಿನ ಮರೆ ಎಂ33 ಅಥವಾ 1 ಇಂಚು 8 ಟಿಪಿಐ (ಇಂಚಿಗೆ 8 ಮರೆ) ಇದ್ದರೆ ಮರ ಹಿಡಿಯುವ ಚಕ್ ಸುಲಭವಾಗಿ ಸಿಗುತ್ತದೆ, ಮುಂದೆ ದೊಡ್ಡ ಲೇತ್‌ಗೂ ಒದಗಬಹುದು.

ಇದ್ದ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ನಾಲ್ಕು ದವಡೆಯ ಚಕ್, ಎರಡು ಒಳ್ಳೆಯ ಉಳಿ, ಸಾಣೆ ಯಂತ್ರ, ಮುಖ ಮುಚ್ಚುವ ಕವಚ ಮೊದಲ ದಿನವೇ ಬೇಕು.