ತೋಟ ಮಾರುವ ಮುನ್ನ

ಪ್ರಶ್ನೆ: ಅಪ್ಪನಿಗೆ 61 ವರ್ಷ. ಹೆಪಟೈಟಿಸ್ ಬಿ ಇತ್ತು. ಈಗ ಲಿವರ್ ಕ್ಯಾನ್ಸರ್, ರಕ್ತನಾಳಕ್ಕೂ ಹಬ್ಬಿದೆ. ಆಪರೇಷನ್ ಆಗದು, ಎರಡು ಔಷಧ ಸೇರಿಸಿ ಇಮ್ಯುನೋಥೆರಪಿ ಕೊಡೋಣ ಎಂದಿದ್ದಾರೆ ಡಾಕ್ಟರು. ಅಡಿಕೆ ತೋಟ ಮಾರಲೂ ಸಿದ್ಧನಿದ್ದೇನೆ. ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಿಲ್ಲ. ಏನು ಮಾಡಲಿ?
– ಮಲೆನಾಡಿನ ಓದುಗ

ಉತ್ತರ: ತೋಟದ ಮಾತು ಆಮೇಲೆ. ಗೆಡ್ಡೆ ಬಿಟ್ಟು ಉಳಿದಿರುವ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಮೊದಲು ಡಾಕ್ಟರನ್ನು ಕೇಳಿ. ಈ ಚಿಕಿತ್ಸೆಯ ದೊಡ್ಡ ಪ್ರಯೋಗಗಳಿಗೆ ತೆಗೆದುಕೊಂಡದ್ದು ಲಿವರ್ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿದ್ದ, ಚೈಲ್ಡ್-ಪ್ಯೂ 'ಎ' ದರ್ಜೆಯ ರೋಗಿಗಳನ್ನು. ಹೊಟ್ಟೆಯಲ್ಲಿ ನೀರು, ಕಾಮಾಲೆ, ಮಂಪರು ಶುರುವಾಗಿದ್ದರೆ ಆ ಲೆಕ್ಕವನ್ನು ನಿಮ್ಮ ತಂದೆಗೆ ಹಾಗೇ ಹೊಂದಿಸಲಾಗದು.

ಹೆಚ್ಚಾಗಿ ಬಳಸುವ ಜೋಡಿ ಅಟೆಜೊಲಿಝುಮ್ಯಾಬ್ ಮತ್ತು ಬೆವಾಸಿಝುಮ್ಯಾಬ್, 3 ವಾರಕ್ಕೊಮ್ಮೆ ಡ್ರಿಪ್. ದೇಹದ ರಕ್ಷಣಾ ಕೋಶಗಳಿಗೆ ಕ್ಯಾನ್ಸರ್ ಹಾಕಿರುವ ತಡೆಯನ್ನು ಮೊದಲನೆಯದು ತೆಗೆಯುತ್ತದೆ. ಗೆಡ್ಡೆ ತನಗಾಗಿ ಬೆಳೆಸಿಕೊಳ್ಳುವ ರಕ್ತನಾಳಗಳನ್ನು ಎರಡನೆಯದು ತಡೆಯುತ್ತದೆ. ಈ ಜೋಡಿಯನ್ನು ಹಳೆಯ ಸೊರಾಫೆನಿಬ್ ಮಾತ್ರೆಯೊಂದಿಗೆ ಹೋಲಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಆಮೇಲಿನ ಲೆಕ್ಕದಂತೆ, ಜೋಡಿ ಔಷಧ ಪಡೆದವರಲ್ಲಿ ಅರ್ಧ ಜನ 19.2 ತಿಂಗಳಿಗಿಂತ ಹೆಚ್ಚು ಬದುಕಿದರು. ಮಾತ್ರೆ ನುಂಗಿದವರಲ್ಲಿ ಅದು 13.4 ತಿಂಗಳು. ಜೋಡಿ ಔಷಧ ಪಡೆದ ಹತ್ತರಲ್ಲಿ ಸುಮಾರು ಮೂವರಿಗೆ ಗೆಡ್ಡೆ ಚೆನ್ನಾಗಿ ಕುಗ್ಗಿತು. ಇದು ಸಣ್ಣ ಲಾಭವಲ್ಲ. ಆದರೆ ಪೂರ್ತಿ ಗುಣವಾಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಬೆವಾಸಿಝುಮ್ಯಾಬ್‌ನಿಂದ ರಕ್ತಸ್ರಾವದ ಭಯವಿದೆ. ಲಿವರ್ ಗಟ್ಟಿಕಟ್ಟಿದವರಿಗೆ ಅನ್ನನಾಳದ ರಕ್ತನಾಳಗಳು ಉಬ್ಬಿರಬಹುದು, ಆದ್ದರಿಂದ ಎಂಡೋಸ್ಕೋಪಿ ಆಗದೆ ಶುರುಮಾಡಬಾರದು. ಉಬ್ಬು ಅಪಾಯಕಾರಿಯಾಗಿದ್ದರೆ ಡರ್ವಾಲುಮ್ಯಾಬ್ ಜೊತೆ ಒಂದೇ ಡೋಸ್ ಟ್ರೆಮೆಲಿಮುಮ್ಯಾಬ್ ಕೊಡುವ ದಾರಿಯುಂಟು; ಅದೂ ಸೊರಾಫೆನಿಬ್‌ಗಿಂತ ಮೇಲೆಂದು ಪ್ರಯೋಗದಲ್ಲಿ ಕಂಡಿದೆ.

ತಡೆ ತೆಗೆದ ರಕ್ಷಣಾ ಕೋಶಗಳು ಕರುಳು, ಶ್ವಾಸಕೋಶ, ಥೈರಾಯ್ಡ್, ಲಿವರ್ ಮೇಲೂ ತಿರುಗಿಬೀಳಬಹುದು. ಭೇದಿ, ಒಣಕೆಮ್ಮು, ಏದುಸಿರು, ಮೈಯೆಲ್ಲ ದದ್ದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಬೇಗ ಹಿಡಿದರೆ ಬಹಳಷ್ಟು ಸಲ ಸ್ಟಿರಾಯ್ಡ್‌ನಿಂದ ಹತೋಟಿಗೆ ಬರುತ್ತದೆ.

ಅದಕ್ಕೇ ಅಪ್ಪನಿಗೆ ವಿಷಯ ಗೊತ್ತಿರಬೇಕು ಎನ್ನುತ್ತೇನೆ. ಏನೆಂದು ತಿಳಿಯದವರು ಎರಡು ದಿನದ ಭೇದಿಯನ್ನು ಮಕ್ಕಳಿಗೆ ಹೇಳದೆ ಸಹಿಸಿಕೊಂಡುಬಿಡುತ್ತಾರೆ. ಅಷ್ಟೇ ಅಲ್ಲ, ದೇಹ ಅವರದು, ತೋಟವೂ ಅವರು ನೆಟ್ಟದ್ದು. ಒಂದೇ ಸಲ ಎಲ್ಲ ಹೇಳಬೇಕಿಲ್ಲ. "ಅಪ್ಪ, ಡಾಕ್ಟರು ಹೇಳಿದ್ದು ಎಷ್ಟು ತಿಳ್ಕೋಬೇಕು ಅನ್ಸತ್ತೆ?" ಎಂದು ಕೇಳಿ, ಅವರು ಕೇಳಿದಷ್ಟಕ್ಕೆ ನಿಜವನ್ನೇ ಹೇಳಿ.

ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿ ಮುಂದುವರಿಸುವುದೋ ಬಿಡುವುದೋ ನಿರ್ಧರಿಸುತ್ತಾರೆ. ಸದ್ಯ ಅಲ್ಲಿಯವರೆಗಿನ ಖರ್ಚಿಗೆ ಏರ್ಪಾಡು ಮಾಡಿ, ತೋಟದ ಕಾಗದಕ್ಕೆ ಕೈಹಾಕಬೇಡಿ. ಬೆವಾಸಿಝುಮ್ಯಾಬ್‌ಗೆ ಭಾರತದಲ್ಲೇ ತಯಾರಾಗುವ, ಕಡಿಮೆ ಬೆಲೆಯ ಬದಲಿಗಳಿವೆ. ಡರ್ವಾಲುಮ್ಯಾಬ್ ಮೇಲಿನ ಆಮದು ಸುಂಕ 2024ರಲ್ಲಿ ರದ್ದಾಗಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಕೇಳಿ.

ಹೆಪಟೈಟಿಸ್ ಬಿ ಮಾತ್ರೆ ನಿಲ್ಲಿಸಬೇಡಿ. ತೆಗೆದುಕೊಳ್ಳುತ್ತಿಲ್ಲವಾದರೆ ಚಿಕಿತ್ಸೆಗೆ ಮೊದಲೇ ಡಾಕ್ಟರಿಗೆ ತಿಳಿಸಿ. ಅಮ್ಮ, ನೀವು, ನಿಮ್ಮ ಒಡಹುಟ್ಟಿದವರು ಎಲ್ಲರೂ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಈ ವಾರವೇ ಮಾಡಿಸಿಕೊಳ್ಳಿ. ಸೋಂಕು ಇಲ್ಲದವರಿಗೆ ಲಸಿಕೆ ಇದೆ.