ರೆಸ್ಯೂಮೆಯ ಒಂದು ಸಾಲು

ರೆಸ್ಯೂಮೆಯಲ್ಲಿ ‘ಆರ್ಡುಯಿನೊ ಊನೊ, ಎಲ್‌ಎಂ35 ಸೆನ್ಸರ್ ಬಳಸಿ ತಾಪಮಾನ ಮಾಪಕ’ ಅಂತ ಬರೆದಿದ್ದೀರಾ? ಹಾಗಿದ್ರೆ ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಬರಬಹುದು: “ಅರ್ಧ ಡಿಗ್ರಿ ವ್ಯತ್ಯಾಸ ಅದಕ್ಕೆ ಗೊತ್ತಾಗುತ್ತಾ?”

ಸುಮ್ಮನೆ ಕೂರಬೇಡಿ, ಬುರುಡೆಯೂ ಬಿಡಬೇಡಿ. “ನೆನಪಿಲ್ಲ ಮೇಡಂ, ಲೆಕ್ಕ ಹಾಕಿ ಹೇಳ್ತೀನಿ” ಅನ್ನಿ. ಆಮೇಲೆ ಬಾಯಿಬಿಟ್ಟೇ ಲೆಕ್ಕ ಮಾಡಿ: ಊನೊದ ಎಡಿಸಿ 10 ಬಿಟ್. 5 ವೋಲ್ಟನ್ನು 1024 ಭಾಗ ಮಾಡಿದರೆ ಒಂದು ಭಾಗ ಸುಮಾರು 4.9 ಮಿಲಿವೋಲ್ಟ್. ಸೆನ್ಸರ್ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತೆ. ಅಂದ್ರೆ ಅರ್ಧ ಡಿಗ್ರಿ ಗೊತ್ತಾಗುತ್ತೆ, ಕಾಲು ಡಿಗ್ರಿ ಗೊತ್ತಾಗಲ್ಲ.

ಅವರು ನೋಡೋದು ನೀವು ಯೋಚಿಸುವ ರೀತಿಯನ್ನ. ಪ್ರಾಜೆಕ್ಟ್ ಮಾಡಿದ್ದು ಗೆಳೆಯ, ಹೆಸರು ಮಾತ್ರ ನಿಮ್ಮದು ಅಂತಾದರೆ ಸಿಕ್ಕಿಬೀಳೋದು ಇಲ್ಲೇ. ಇವತ್ತೇ ರೆಸ್ಯೂಮೆ ತೆಗೆದು ಪ್ರತಿ ಸಾಲಿಗೂ “ಯಾಕೆ? ಎಷ್ಟು?” ಅಂತ ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಕಲಿಯಿರಿ, ಇಲ್ಲಾಂದ್ರೆ ಆ ಸಾಲನ್ನು ಅಳಿಸಿ.